ಬಿದ್ದಲ್ಲೇ ಸಿಗುವ ಆಟ

"ಸರ್ಫಿಂಗ್ ಮಾತೆತ್ತಬೇಡ ಕಣೇ. ನಿನ್ನ ಸೋದರಮಾವ ಆ ಹಲಗೆ ಮೇಲೆ ನಿಂತು ಸಮುದ್ರಕ್ಕೆ ಹೋದೋನು, ಹಲಗೆ ಒಂದೇ ವಾಪಸ್ ಬಂತು. ಸ್ಕೇಟ್‌ಬೋರ್ಡ್ ಕಲಿ, ಬೇಡ ಅನ್ನಲ್ಲ. ರಸ್ತೇಲಿ ಬಿದ್ರೆ ಬಿದ್ದಲ್ಲೇ ಸಿಗ್ತೀಯ."

ಊರವರ ಬಟ್ಟೆ ಒಗೆದು ಮನೆ ನಡೆಸುವ ತಾಯಿಯ ಮಾತಿಗೆ ಮಗಳು ನಕ್ಕಳು. "ಸಿಗ್ತೀನಮ್ಮ, ತುಂಡು ತುಂಡಾಗಿ!" ಆದರೂ ಮನೆ ಮುಂದಿನ ಇಳಿಜಾರಿನಲ್ಲೇ ಕಲಿಯತೊಡಗಿದಳು.

ಒಂದು ಸಂಜೆ ತಾಯಿ ಎಂದಿನಂತೆ ಸೋಪುನೀರನ್ನು ಬಾಗಿಲಿನಿಂದಲೇ ಬೀದಿಗೆ ಚೆಲ್ಲಿದಳು. ಇಳಿದು ಬರುತ್ತಿದ್ದ ಮಗಳ ಸ್ಕೇಟ್‌ಬೋರ್ಡಿನ ಚಕ್ರ ಅದರಲ್ಲಿ ಜಾರಿ, ಅವಳು ಬಿದ್ದು ಮೊಣಕಾಲು ಮುರಿದುಕೊಂಡಳು. ಇನ್ನು ಅದು ಪೂರ್ತಿ ಮಡಚಲು ಆಗುವುದಿಲ್ಲ ಎಂದರು ಡಾಕ್ಟರು.

ಮಗಳು ಒಂದು ಮಾತೂ ಬೈಯಲಿಲ್ಲ. ಈಗ ತಾಯಿ ಸೋಪುನೀರಿನ ಬಕೆಟ್ಟನ್ನು ಬೀದಿಯ ಕೊನೆಯ ಚರಂಡಿಯವರೆಗೆ ತುಳುಕದಂತೆ ಹೊತ್ತು, ನಿಧಾನವಾಗಿ ಸುರಿದು ಬರುತ್ತಾಳೆ.