ಬಿಳಿ ಕಾರ್ಡಿನ ಹತ್ತು ನಿಮಿಷ

ರೆಜಿಸ್ ವಾಲ್ಚಾಕ್‌ಗೆ ಸಿಟ್ಟು ಮೂಗಿನ ತುದಿಯಲ್ಲೇ ಅಂತ ಓಬ್ರಿಕೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳೋರಿಗೇನು ಬಿಡಿ! ಆದರೆ ಆ ಸಿಟ್ಟನ್ನು ಹತ್ತಿರದಿಂದ ಕಂಡವಳು ಒಬ್ಬಳೇ, ಫುಟ್‌ಬಾಲ್ ಮೈದಾನದ ಅಂಚಿನ ಗೂಡಂಗಡಿಯಲ್ಲಿ ಆಲೂಗಡ್ಡೆ ಕರಿದು ಬಿಯರ್ ಜೊತೆ ಮಾರುತ್ತಿದ್ದ ಸೊಲಾಂಜ್. ಐವತ್ತು ದಾಟಿದ ವಿಧವೆ, ನಾಲಗೆ ಚುರುಕು, ಕುತೂಹಲವಂತೂ ಕೇಳಲೇಬೇಡಿ. ಎದುರು ಮನೆಯ ಕಿಟಕಿ ಪರದೆ ಬದಲಾದರೆ ಯಾಕೆ ಅಂತ ತಿಳಿಯುವವರೆಗೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಆ ಕಾಲಕ್ಕೆ ನಮ್ಮ ಕಡೆಯ ಸಣ್ಣ ಲೀಗುಗಳಲ್ಲಿ ಬಿಳಿ ಕಾರ್ಡ್ ಅಂತ ಒಂದಿತ್ತು. ರೆಫರಿಯ ಮೇಲೆ ಕೂಗಾಡಿದವನಿಗೆ ಅದನ್ನು ತೋರಿಸಿದರೆ ಅವನು ಹತ್ತು ನಿಮಿಷ ಹೊರಗಿದ್ದು ತಣ್ಣಗಾಗಿ ಬರಬೇಕು. ಬೇರೆಯವರು ಮುಖ ಊದಿಸಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದರು. ರೆಜಿಸ್ ಮಾತ್ರ ಮೊದಲ ಸಲವೇ ನೇರವಾಗಿ ಸೊಲಾಂಜಳ ಹಿಂಬಾಗಿಲಿಗೆ ಬಂದು ನಿಂತ.

"ಏನಪ್ಪಾ, ಇಷ್ಟು ಹೊತ್ತು ಗುಡುಗ್ತಾ ಇದ್ದೆ, ಈಗ ಬೆಕ್ಕಿನ ಮರಿ ಆಗ್ಬಿಟ್ಟೆಯಾ?"

"ಚಾಕು ಕೊಡಿ ಅಕ್ಕಾ. ಕೈ ನಡುಗ್ತಿದೆ, ಏನಾದ್ರೂ ಕೆಲಸ ಬೇಕು."

"ಕೈ ನಡುಗೋನಿಗೆ ಚಾಕು ಕೊಡೋಕೆ ನನಗೇನು ತಲೆ ಕೆಟ್ಟಿದೆಯಾ?" ಅಂದಳು. ಅಂದು, ಕೊಟ್ಟೂಬಿಟ್ಟಳು. ಅವನು ಮೂಟೆ ಪಕ್ಕ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯತೊಡಗಿದ.

ಅವತ್ತಿನಿಂದ ಅವನ ಬದುಕಿನ ಕಥೆ ಸೊಲಾಂಜಳ ಕಿವಿಗೆ ಕಂತು ಕಂತಾಗಿ ಬಿತ್ತು. ಒಂದು ಭಾನುವಾರ, ಹದಿನಾರನೇ ವಯಸ್ಸಿಗೇ ಅವನ ಎಡಗಾಲಿನ ಹೊಡೆತ ನೋಡಿ ದೊಡ್ಡ ಕ್ಲಬ್ಬಿನವರು ಗಣಿ ಕಾಲೋನಿಯ ಮನೆಗೇ ಹುಡುಕಿಕೊಂಡು ಬಂದಿದ್ದು. ಇನ್ನೊಂದು ಭಾನುವಾರ, ಆಟದಿಂದ ಹೊರಗೆ ಕರೆದ ತರಬೇತುದಾರನತ್ತ ಬೂಟು ಬೀಸಿದ್ದು, ಅದು ಅವನಿಗೆ ತಾಗದೆ ಅಧ್ಯಕ್ಷರ ಕಾರಿನ ಗಾಜು ಒಡೆದದ್ದು. ಅಲ್ಲಿಂದ ದಕ್ಷಿಣದ ಬಂದರು ಊರಿಗೆ ಮಾರಾಟವಾಗಿ, ಪೆನಾಲ್ಟಿ ಯಾರು ಹೊಡೆಯಬೇಕು ಅಂತ ನಾಯಕನ ಜೊತೆ ಮೈದಾನದ ನಡುವೆಯೇ ಕುತ್ತಿಗೆ ಪಟ್ಟಿ ಹಿಡಿದಿದ್ದು. "ಹೊಡೆದದ್ದು ಯಾರು?" ಅಂತ ಸೊಲಾಂಜ್ ಕೇಳಿದಳು. "ಮೂರನೆಯವನು!" ಅಂದ ರೆಜಿಸ್, ಇಬ್ಬರೂ ನಕ್ಕರು. ಕಥೆ ಬಿಸಿಯೇರುವ ಹೊತ್ತಿಗೆ ರೆಫರಿ ಕೈಬೀಸಿ ಕರೆಯುತ್ತಿದ್ದ, ಇವನು ಚಾಕು ಬಿಸಾಕಿ ಓಡುತ್ತಿದ್ದ.

ಸೊಲಾಂಜಳಿಗೆ ಚಟ ಹತ್ತಿತು. ಭಾನುವಾರ ಅರ್ಧ ಆಟ ಕಳೆದರೂ ರೆಜಿಸ್ ಸುಮ್ಮನಿದ್ದರೆ "ಬಯ್ಯೋ ಮಾರಾಯ, ಒಂದು ಸಲ ಬಯ್ದುಬಿಡೋ" ಅಂತ ಬಾಯೊಳಗೇ ಗೊಣಗುವಳು. ಆಮೇಲೆ, ಥೂ, ನಾನೆಂಥ ಹೆಂಗಸು ಅಂತ ತನಗೆ ತಾನೇ ನಾಚಿಕೆ ಪಡುವಳು.

ಒಂದು ಕಂತು ಮಾತ್ರ ಬಾಕಿ ಉಳಿದಿತ್ತು. ಅದು ಅವನನ್ನು ಮುಗಿಸಿದ ಕಪ್ ಪಂದ್ಯದ್ದು. ಅವನು ಗೋಲು ಹೊಡೆದಿದ್ದ, ಚೆಂಡು ಕೈಗೆ ತಾಗಿದೆ ಅಂತ ರೆಫರಿ ಗೋಲು ರದ್ದು ಮಾಡಿದ, ಇವನು ರೆಫರಿಯನ್ನು ನೆಲಕ್ಕೆ ಕೆಡವಿದ. ಎರಡು ವರ್ಷ ನಿಷೇಧ. ವಾಪಸು ಬರುವಾಗ ದೊಡ್ಡ ಕ್ಲಬ್ಬುಗಳ ಬಾಗಿಲೆಲ್ಲ ಮುಚ್ಚಿದ್ದವು, ಅವನು ಸಿಮೆಂಟು ಪೈಪಿನ ಕಾರ್ಖಾನೆ ಸೇರಿ ನಮ್ಮೂರ ತಂಡಕ್ಕೆ ಆಡತೊಡಗಿದ. ಇಷ್ಟು ಎಲ್ಲರಿಗೂ ಗೊತ್ತು. ಚೆಂಡು ಎದೆಗೆ ತಾಗಿದ್ದು, ರೆಫರಿ ಕಳ್ಳ ಅಂತ ರೆಜಿಸನ ಅಪ್ಪ ಕಾಜಿಮಿರ್ ಸಾಯುವವರೆಗೆ ಊರ ತುಂಬ ಜಗಳ ಕಾದಿದ್ದ. ಕೈಗೇ ತಾಗಿರಬಹುದು ಅಂದ ಸ್ವಂತ ಅಣ್ಣನ ಜೊತೆ ಮಾತು ಬಿಟ್ಟು, ಅವನ ಮಣ್ಣಿಗೂ ಹೋಗಲಿಲ್ಲ. ಆದರೆ ನಿಜವಾಗಿ ಏನಾಯ್ತು ಅಂತ ರೆಜಿಸ್ ಯಾರ ಹತ್ತಿರವೂ ಬಾಯಿ ಬಿಟ್ಟವನಲ್ಲ. ಸೊಲಾಂಜ್ ಕೆದಕಿ ಕೆದಕಿ ಕೊನೆಗೆ "ಮುಂದಿನ ಸಲ ಹೇಳ್ತೀನಿ ಅಕ್ಕಾ" ಅನ್ನಿಸಿಕೊಂಡಿದ್ದಳು.

ಆ ಮುಂದಿನ ಸಲವೇ ವರ್ಷದ ಕೊನೆಯ ಪಂದ್ಯ. ಆಟಕ್ಕೆ ಮೊದಲು ಕ್ಲಬ್ಬಿನ ಅಧ್ಯಕ್ಷ, ಬೇಕರಿಯ ಫಿರ್ಮಾಂ, ಗೂಡಂಗಡಿಗೆ ಬಂದು ನಿಟ್ಟುಸಿರು ಬಿಟ್ಟ.

"ಜಿಲ್ಲಾ ಸಮಿತಿಯವರು ಖಡಾಖಂಡಿತ ಹೇಳಿದ್ದಾರೆ ಸೊಲಾಂಜ್. ಇನ್ನೊಂದು ಕಾರ್ಡ್ ಬಿದ್ರೆ ರೆಜಿಸನ ಆಟದ ಲೈಸೆನ್ಸ್ ಕಿತ್ಕೊಳ್ತಾರಂತೆ. ಬಿಳಿದಾದ್ರೂ ಸರಿ, ಜನ್ಮಕ್ಕೇ ಕಿತ್ಕೊಳ್ತಾರೆ."

"ಅವನಿಗೆ ಗೊತ್ತಾ?"

"ಗೊತ್ತು. ಗೊತ್ತಿದ್ರೆ ಸಿಟ್ಟು ಕೇಳುತ್ತಾ?"

ಸೊಲಾಂಜ್ ಮೈದಾನದತ್ತ ನೋಡಿದಳು. ಹೆಂಡತಿಯಿಲ್ಲ, ಮಕ್ಕಳಿಲ್ಲ, ಭಾನುವಾರದ ಆಟವೂ ಹೋದರೆ ಈ ಮನುಷ್ಯನಿಗೆ ಇನ್ನೇನು ಉಳಿಯುತ್ತೆ?

ಎರಡನೇ ಅರ್ಧದಲ್ಲಿ ಜಿಟಿಜಿಟಿ ಮಳೆ ಶುರುವಾಯಿತು. ಎದುರು ತಂಡದ ಧಡಿಯನೊಬ್ಬ ಬೇಕಂತಲೇ ರೆಜಿಸನ ಪಾದ ತುಳಿದ. ರೆಫರಿ ನೋಡಲಿಲ್ಲ. ರೆಜಿಸ್ ಎದ್ದ, ಮುಖ ಕೆಂಪಾಗಿತ್ತು, ರೆಫರಿಯತ್ತ ಹೆಜ್ಜೆ ಹಾಕಿದ. ಅರ್ಧ ದಾರಿಯಲ್ಲಿ ಒಮ್ಮೆ ಗೂಡಂಗಡಿಯತ್ತ ತಿರುಗಿ ನೋಡಿದ. ಆ ನೋಟದ ಅರ್ಥ ಸೊಲಾಂಜಳಿಗೆ ಗೊತ್ತಿತ್ತು. ಚಾಕು ಸಿದ್ಧವಿದೆಯಾ, ಜಾಗ ಇದೆಯಾ ಅನ್ನುವ ನೋಟ ಅದು. ಇನ್ನೊಂದು ಕ್ಷಣ ಸುಮ್ಮನಿದ್ದರೆ ಸಾಕು, ಕಥೆಯ ಕೊನೆ ಅವಳ ಕಿವಿಗೆ ಬೀಳುತ್ತಿತ್ತು. ಅವಳು ಎರಡೂ ಕೈಯಿಂದ ಅಂಗಡಿಯ ಶಟರ್ ಹಿಡಿದು ಧಡಾರನೆ ಕೆಳಗೆಳೆದಳು.

"ಏಯ್ ಸೊಲಾಂಜ್! ಆಟದ ಮಧ್ಯೆ ಅಂಗಡಿ ಮುಚ್ತೀಯಾ? ನನ್ನ ಬಿಯರ್ ಎಲ್ಲಿ?" ಅಂತ ಹೊರಗಿಂದ ಗಿರಾಕಿಯೊಬ್ಬ ಕೂಗಿದ.

"ನನ್ನ ಅಂಗಡಿ, ನನ್ನಿಷ್ಟ! ಗಂಟಲು ಒಣಗಿದ್ರೆ ಮಳೆ ಬರ್ತಿದೆ, ಬಾಯಿ ತೆರ್ಕೊಂಡು ನಿಂತ್ಕೊಳ್ಳಿ!"

ಒಳಗೆ ಕತ್ತಲು. ಸೊಲಾಂಜ್ ಹಿಂಬಾಗಿಲಿಗೂ ಚಿಲಕ ಹಾಕಿ ಕಿವಿಗೊಟ್ಟಳು. ರೆಫರಿಯ ಸೀಟಿ ಕೇಳಲಿಲ್ಲ. ಆಟ ನಡೆದೇ ಇತ್ತು. ಬಹಳ ಹೊತ್ತಾದ ಮೇಲೆ ಜನ ಹೋ ಅಂತ ಕೂಗಿದರು, ರೆಜಿಸ್, ರೆಜಿಸ್ ಅಂತ. ಅವಳು ಒಬ್ಬಳೇ ಕೂತು ಏಪ್ರನ್‌ನಿಂದ ಕಣ್ಣೊರೆಸಿಕೊಂಡಳು.

ಪಂದ್ಯ ಮುಗಿದದ್ದೇ ಹಿಂಬಾಗಿಲನ್ನು ಯಾರೋ ದಬದಬ ಬಡಿದರು, ಅವಳು ಚಿಲಕ ತೆಗೆದಳು.

"ಯಾರನ್ನ ಕೇಳಿ ಮುಚ್ಚಿದ್ರಿ?" ಅಂತ ರೆಜಿಸ್ ಕೆಸರು ಕಾಲಲ್ಲೇ ಒಳಗೆ ನುಗ್ಗಿದ.

"ಇನ್ಯಾರನ್ನ ಕೇಳ್ಬೇಕಿತ್ತೋ, ನಿನ್ನ ಸಿಟ್ಟನ್ನಾ? ಲೈಸೆನ್ಸ್ ಉಳೀತಲ್ಲ, ಹೋಗು, ಕುಣಿ!"

ಅವನು ಹೋಗಲಿಲ್ಲ. ಮೂಟೆ ಪಕ್ಕ ಕುಸಿದು ಕೂತ.

"ಎದೆಗಲ್ಲ ಅಕ್ಕಾ. ಕೈಗೇ ತಾಗಿತ್ತು. ರೆಫರಿ ಸರಿಯಾಗೇ ತೀರ್ಪು ಕೊಟ್ಟಿದ್ದ, ಗೊತ್ತಿದ್ದೂ ನಾನು ಕೆಡವಿದೆ. ಆಮೇಲೆ ಅಪ್ಪ ಊರಿಗೂರನ್ನೇ ಎದುರು ಹಾಕ್ಕೊಂಡ್ರು. ಹೆಂಗೆ ಹೇಳ್ಲಿ? ರೆಫರಿಗಳೆಲ್ಲ ಕಳ್ಳರು ಅಂತ ಕೂಗ್ತಾ ಇದ್ರೆ ಅಪ್ಪನ ಮಾತು ನಿಜ ಆಗುತ್ತೆ ಅನ್ಸೋದು. ಪಾಪ, ಆ ಮನುಷ್ಯನಿಗೆ ಕೊನೇವರೆಗೂ ಮೋಸ ಮಾಡ್ಬಿಟ್ಟೆ."

ಸೊಲಾಂಜಳಿಗೆ ಅಯ್ಯೋ ಅನ್ನಿಸಿತು. ಆದರೂ ಹುಟ್ಟುಗುಣ, ಕೇಳದೆ ಇರಲಾಗಲಿಲ್ಲ.

"ನಿಮ್ಮಪ್ಪ ಅವತ್ತು ಆಟಕ್ಕೆ ಬಂದಿದ್ರಾ?"

"ಬರದೆ ಇರ್ತಾರಾ? ನನ್ನ ಒಂದಾಟನೂ ಬಿಟ್ಟವರಲ್ಲ."

"ಎಲ್ಲಿ ನಿಂತಿದ್ರು?"

"ಇನ್ನೆಲ್ಲಿ, ಗೋಲಿನ ಹಿಂದೆ. ಕಂಬಿಗೆ ಎದೆ ಆನಿಸ್ಕೊಂಡು, ನಾನು ಹೊಡೆಯೋದನ್ನ ಎದುರಿಂದಲೇ..."

ಅವನು ತನ್ನ ಕೈಯನ್ನೇ ನೋಡಿಕೊಂಡ.

"ಅಪ್ಪ ನೋಡಿದ್ರು," ಅಂದ. "ಅಕ್ಕಾ, ಅಪ್ಪ ಎಲ್ಲಾ ನೋಡಿದ್ರು."

ಅವನ ಅಳು ಹೊರಗೆ ಬಿಯರಿಗೆ ಕಾದು ನಿಂತವರಿಗೂ ಕೇಳಿಸಿತು. ಅವತ್ತು ಯಾರೂ ಶಟರ್ ಬಡಿಯಲಿಲ್ಲ.