ಅರ್ಧ ಬೆಂದ ಕೆಸುವಿನ ಎಲೆ

ಮಾಲಿಯಾ ಆಂಟಿ ನನಗೆ ಹೇಳಿದ್ದು ಒಂದು ಗಂಟೆ ಎಂದು. ನೀವು ಹೇಳಿದ್ದು ಹನ್ನೆರಡು ಎಂದೆ ನಾನು. ಅದು ಸುಳ್ಳು. ಹೇಳುವಾಗಲೇ ಸುಳ್ಳೆಂದು ಗೊತ್ತಿತ್ತು. ಏಳು ವರ್ಷ ಅದನ್ನು ಹಾಗೆಯೇ ಉಳಿಸಿಕೊಂಡೆ.

ಆಂಟಿ ಹವಾಯಿ ದ್ವೀಪದವರು. ಮದುವೆಯಾಗಿ ಕೆನಡಾಕ್ಕೆ ಬಂದವರು, ಗಂಡ ತೀರಿಕೊಂಡ ಮೇಲೆ ಪಿಕರಿಂಗ್‌ನ ಒಂದು ಸಣ್ಣ ಪ್ಲಾಜಾದಲ್ಲಿ ಆರು ಟೇಬಲ್ಲಿನ ಹೋಟೆಲು ನಡೆಸುತ್ತಿದ್ದರು. ನಮ್ಮ ಮನೆಯಿಂದ ಐದು ನಿಮಿಷದ ದಾರಿ. ಮೊದಲ ಸಲ ಹೋದಾಗ ಅವರು ಪೋಕೆ ತಂದಿಟ್ಟರು. ಹಸಿ ಮೀನಿನ ತುಂಡುಗಳಿಗೆ ಎಳ್ಳೆಣ್ಣೆ, ಈರುಳ್ಳಿ, ಉಪ್ಪು ಕಲಸಿದ್ದು. ಕುಂದಾಪುರದಲ್ಲಿ ಹುಟ್ಟಿ, ಮೀನಿಲ್ಲದೆ ಉಣ್ಣದ ನನ್ನ ಗಂಡ ಸದಾನಂದರು ಬಟ್ಟಲನ್ನೇ ನೋಡುತ್ತ ಕುಳಿತರು. "ಹಸಿ ಮೀನ್ ತಿಂಬುದಾ?" ಎಂದು ಪಿಸುಗುಟ್ಟಿದರು. ಹತ್ತು ನಿಮಿಷದಲ್ಲಿ ಅವರ ಬಟ್ಟಲು ಖಾಲಿ. ಅಂದಿನಿಂದ ಪ್ರತಿ ಶುಕ್ರವಾರ ನಮ್ಮ ಊಟ ಅಲ್ಲೇ. ಎರಡು ಉಂಡೆ ಅನ್ನ, ಮ್ಯಾಕರೋನಿ ಸಲಾಡು, ಕೊನೆಗೆ ತೆಂಗಿನ ಹಾಲನ್ನು ಸಕ್ಕರೆ ಹಾಕಿ ಕುದಿಸಿ ಗಟ್ಟಿ ಮಾಡಿ ಕತ್ತರಿಸಿದ ಬಿಳಿ ಹೌಪಿಯಾ. ಅವರ ಊರಿನಲ್ಲೂ ಹಿರಿಯ ಹೆಂಗಸರನ್ನು ಆಂಟಿ ಎಂದೇ ಕರೆಯುತ್ತಾರಂತೆ. ಹಾಗಾಗಿ ಹೊಸ ಸಂಬಂಧವೇನೂ ಹುಡುಕಬೇಕಾಗಲಿಲ್ಲ.

ಚಿಕನ್ ಲೂವಾವ್ ಎಂಬ ಅವರ ಅಡುಗೆಗೆ ಕೆಸುವಿನ ಎಲೆ ಬೇಕು. ಇಲ್ಲಿ ಸಿಗುವುದಿಲ್ಲವೆಂದು ಅವರು ವರ್ಷಗಟ್ಟಲೆ ಪಾಲಕ್ ಹಾಕುತ್ತಿದ್ದರು. ಬ್ರ್ಯಾಂಪ್ಟನ್‌ನ ನಮ್ಮವರ ಅಂಗಡಿಯಿಂದ ನಾನು ಎರಡು ಕಟ್ಟು ಎಲೆ ತಂದುಕೊಟ್ಟ ದಿನ ಆಂಟಿ ಅವನ್ನು ಮೂಸಿ ನೋಡಿ, ನನ್ನ ಕೈ ಹಿಡಿದುಕೊಂಡರು. ಆಮೇಲೆ ಭಾನುವಾರಗಳಂದು ಅವರು ನಮ್ಮ ಮನೆಗೆ ಬರತೊಡಗಿದರು. ಒಂದು ಒಲೆಯ ಮೇಲೆ ನನ್ನ ಪತ್ರೊಡೆ, ಇನ್ನೊಂದರ ಮೇಲೆ ಅವರ ಲೂವಾವ್. ಎಲೆ ಒಂದೇ. ನಾವು ತುರಿಕೆ ಹೋಗಲೆಂದು ಹುಣಸೆಹುಳಿ ಹಾಕುತ್ತೇವೆ. ಅವರು ಹಾಕುವುದಿಲ್ಲ, ಬರೀ ಬೇಯಿಸುತ್ತಾರೆ. ಎರಡು, ಎರಡೂವರೆ ಗಂಟೆ — ಎಲೆ ಕರಗಿ ಹೋಗುವವರೆಗೆ.

ಅಂಥದ್ದೇ ಒಂದು ಭಾನುವಾರ ಮೀನು ಹೆಚ್ಚುತ್ತ ಅವರು ತಮ್ಮ ತಾಯಿಯ ಕಥೆ ಹೇಳಿದ್ದರು. ಕೊನೆಗಾಲದಲ್ಲಿ ಆ ತಾಯಿಗೆ ಮಕ್ಕಳ ಗುರುತೇ ಇರಲಿಲ್ಲವಂತೆ. "ಸಾವು ನಂಗೆ ಭಯ ಇಲ್ಲ ಸುಮತಿ. ತಲೆ ಕೈಕೊಡುತ್ತಲ್ಲ, ಅದೊಂದೇ ಭಯ" ಎಂದಿದ್ದರು, ತಮ್ಮ ಇಂಗ್ಲಿಷಿನಲ್ಲಿ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಹೋಟೆಲು ಸರಿಯಾಗಿ ನಡೆಯುತ್ತಿರಲಿಲ್ಲ. ನಮ್ಮ ಕನ್ನಡದವರನ್ನು ಒಮ್ಮೆ ಊಟಕ್ಕೆ ಕರೆಯೋಣ, ರುಚಿ ಹಿಡಿದರೆ ಬಿಡುವುದಿಲ್ಲ ಎಂದು ನಾನೇ ಹುರಿದುಂಬಿಸಿದೆ. ಏಳು ಮನೆಯವರು ಬರುವುದೆಂದಾಯಿತು. ಆ ಶನಿವಾರ ಬೆಳಗ್ಗೆ ಹತ್ತೂವರೆಗೆ ಆಂಟಿ ಹೋಟೆಲಿನಲ್ಲಿ ದೊಡ್ಡ ಪಾತ್ರೆಯಲ್ಲಿ ಎಲೆ ಬೇಯಲಿಟ್ಟು, ಅದನ್ನು ನನಗೆ ಒಪ್ಪಿಸಿ ಮೀನು ತರಲು ಹೊರಟರು. ಬಾಗಿಲಲ್ಲಿ ನಿಂತು ಹೇಳಿದರು: "ಒಂದು ಗಂಟೆವರೆಗೂ ಉರಿ ಆರಿಸ್ಬೇಡ. ಆಮೇಲೆ ತೆಂಗಿನ ಹಾಲು."

ಆ ಅಡುಗೆಮನೆಯಲ್ಲಿ ದೊಡ್ಡ ಉರಿಯ ಒಲೆ ಇದ್ದದ್ದು ಒಂದೇ. ನನಗೆ ಅದು ಬೇಕಾಗಿತ್ತು. ನಮ್ಮವರೆಲ್ಲ ಬರುತ್ತಾರೆ, ನನ್ನ ಕೈಯ ಕೋಳಿ ಸುಕ್ಕವೂ ಒಂದಿರಲಿ — ಆಂಟಿ ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಬರೀ ಜಂಬ. ಹನ್ನೊಂದೂವರೆಗೆ ಪಾತ್ರೆ ಇಳಿಸಿದೆ. ಎಲೆ ಮೆತ್ತಗಾಗಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡಾಗ ನಾಲಿಗೆಯ ತುದಿಗೆ ಸಣ್ಣಗೆ ಚುಚ್ಚಿತು. ಹೌದು, ಚುಚ್ಚಿತು. ಕೆಸು ತಿಂದು ಬೆಳೆದವಳಿಗೆ ಅದೇನೆಂದು ತಿಳಿಯದೆ? ಆದರೂ ತೆಂಗಿನ ಹಾಲು ಸುರಿದು ಮುಚ್ಚಳ ಮುಚ್ಚಿದೆ.

ಹನ್ನೆರಡಕ್ಕೆ ಹುಬ್ಬಳ್ಳಿಯ ಶೋಭಕ್ಕ ಟೇಬಲ್ಲು ಜೋಡಿಸಲು ಬಂದರು. ಪಕ್ಕಕ್ಕಿಟ್ಟ ಪಾತ್ರೆ ನೋಡಿ "ಇದು ಆತೇನ್ರೀ?" ಎಂದರು. ಆಯಿತು ಎಂದೆ. ಆಂಟಿ ಬಂದಾಗ ಒಂದು ದಾಟಿತ್ತು, ಜನ ಕೂರುತ್ತಿದ್ದರು. ಅವರಿಗೆ ಪಾತ್ರೆ ನೋಡುವಷ್ಟೂ ಪುರುಸೊತ್ತಿರಲಿಲ್ಲ. ಸುಕ್ಕ ಕಂಡು ಖುಷಿಪಟ್ಟರು. ಪ್ರತಿ ಟೇಬಲ್ಲಿಗೂ ತಾವೇ ಒಯ್ದು, ಇದು ನನ್ನ ಗೆಳತಿ ಮಾಡಿದ್ದು ಎಂದು ಹೇಳಿ ಬಡಿಸಿದರು.

ಲೂವಾವ್ ಬಡಿಸಿದ ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಗಂಟಲು ಹಿಡಿದುಕೊಂಡರು. ಒಂದು ಪುಟ್ಟ ಹುಡುಗಿ ತುಟಿ ಊದಿಕೊಂಡು ಜೋರಾಗಿ ಅಳತೊಡಗಿದಳು. ಅವಳ ತಂದೆ ಆಂಟಿಯ ಮೇಲೆ ರೇಗಿದರು. ಆಂಟಿ ಅಡುಗೆಮನೆಗೆ ಓಡಿ ಬಂದು ಪಾತ್ರೆಯಲ್ಲಿ ಸೌಟಾಡಿಸಿ ನೋಡಿದರು. ಶೋಭಕ್ಕ ನೀರು ತುಂಬಿಸಿಕೊಳ್ಳುತ್ತ ಅಲ್ಲೇ ನಿಂತಿದ್ದರು.

"ಸುಮತಿ, ಇದನ್ನ ಯಾವಾಗ ಇಳಿಸ್ದೆ?"

ಒಂದು ಗಂಟೆಗೆ ಎನ್ನುವ ಹಾಗಿರಲಿಲ್ಲ, ಶೋಭಕ್ಕ ನೋಡಿದ್ದರು. ನಿಜ ಹೇಳಬಹುದಿತ್ತು. ನಾನು ಹೇಳಿದ್ದು ಇಷ್ಟು: "ಹನ್ನೆರಡಕ್ಕೆ. ನೀವು ಹನ್ನೆರಡು ಅಂತ ಹೇಳಿದ್ರಲ್ಲ ಆಂಟಿ."

ಅವರು ನನ್ನ ಮುಖ ನೋಡಿದರು. ಅನುಮಾನದಿಂದ ನೋಡಿದ್ದರೆ — ಇಲ್ಲ, ನನ್ನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. "ಹನ್ನೆರಡು ಅಂದ್ನಾ ನಾನು?" ಎಂದು ಮೆಲ್ಲಗೆ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಕೈ ಒರೆಸಿಕೊಂಡು ಹೊರಗೆ ಹೋಗಿ, ತಪ್ಪು ನನ್ನದು ಎಂದು ಪ್ರತಿ ಟೇಬಲ್ಲಿಗೂ ಹೋಗಿ ಕ್ಷಮೆ ಕೇಳಿದರು. ಆ ಮಗುವಿನ ಮುಂದೆ ಮಂಡಿಯೂರಿ ಕುಳಿತು ಐಸ್ ಹಿಡಿದರು. ಸಂಜೆಯ ಹೊತ್ತಿಗೆ ತುಟಿ ಇಳಿಯಿತಂತೆ.

ಇಷ್ಟಕ್ಕೇ ನಿಂತಿದ್ದರೂ — ನಿಲ್ಲಲಿಲ್ಲ. ಮರುದಿನ ಶೋಭಕ್ಕ ಫೋನು ಮಾಡಿ, "ಗಂಟಲಾಗ ಇನ್ನೂ ಮುಳ್ಳ ಚುಚ್ಚಿದಂಗ ಆಗಾಕತ್ತೈತಿ. ಯಾಕ್ರೀ ಹಿಂಗಾತು?" ಎಂದು ಕೇಳಿದರು. "ಅವರ ಪದ್ಧತಿನೇ ಹಾಗೆ ಶೋಭಕ್ಕ, ಹುಳಿ ಹಾಕೋದಿಲ್ಲ" ಎಂದೆ. ಮಾತು ಏಳೂ ಮನೆ ಮುಟ್ಟಿತು. ಆಮೇಲೆ ನಾವಿಬ್ಬರನ್ನು ಬಿಟ್ಟರೆ ನಮ್ಮವರಲ್ಲಿ ಒಬ್ಬರೂ ಅತ್ತ ಹೋಗಲಿಲ್ಲ.

ಆಂಟಿ ಮತ್ತೆ ಪಾಲಕ್ ಹಾಕತೊಡಗಿದರು. ನಾನು ಎಲೆ ತಂದುಕೊಟ್ಟರೆ ಬೇಡವೆಂದರು. ಒಲೆಯ ಪಕ್ಕದ ಗೋಡೆಯಲ್ಲಿ ಚೀಟಿಗಳು ಕಾಣಿಸಿಕೊಂಡವು — ಅನ್ನ ಇಟ್ಟ ಹೊತ್ತು, ಉಪ್ಪು ಹಾಕಿದೆ, ಬಾಗಿಲು ಬೀಗ. ಒಂದು ಶುಕ್ರವಾರ ನಮ್ಮ ಆರ್ಡರನ್ನು ಬರೆದುಕೊಂಡು, ಮೂರು ಸಲ ಓದಿ ಹೇಳಿದರು. ನಾವು ಆರ್ಡರು ಬದಲಿಸಿದ್ದೇ ಇಲ್ಲ. ನಾನು ತಲೆ ತಗ್ಗಿಸಿ ಉಂಡೆ. ಮುಂದಿನ ಬೇಸಿಗೆಗೆ ಹೋಟೆಲು ಮುಚ್ಚಿ ಕ್ಯಾಲ್ಗರಿಯ ಮಗಳ ಮನೆಗೆ ಹೊರಟರು. "ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ ಈಗ" ಎಂದರು. ಅಪ್ಪಿಕೊಂಡು ಕಳಿಸಿಕೊಟ್ಟೆ. ಆಗಲೂ ಬಾಯಿ ಬಿಡಲಿಲ್ಲ.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡ ಸುದ್ದಿ ಮಗಳಿಂದ ಬಂತು. ಫೋನು ಮಾಡಿದೆ. ಮಗಳು ಹೇಳಿದಳು: "ಹಾರ್ಟ್ ಪ್ರಾಬ್ಲಂ. ಮರೆವು ಏನೂ ಇರ್ಲಿಲ್ಲ. ಡಾಕ್ಟರ್ ಮೂರು ಸಲ ಟೆಸ್ಟ್ ಮಾಡಿ ನೋಡಿದ್ರು. ಆದ್ರೂ ಅಮ್ಮ ನಂಬ್ಲಿಲ್ಲ. ಮನೆ ತುಂಬ ಚೀಟಿ ಬರ್ದಿಡೋರು. ಒಲೆ ಮುಟ್ತಾನೇ ಇರ್ಲಿಲ್ಲ."

ಆಗ ಹೇಳಿದೆ. ಹನ್ನೊಂದೂವರೆ, ಸುಕ್ಕ, ನಾಲಿಗೆ ಚುಚ್ಚಿದ್ದು, ಹನ್ನೆರಡು ಎಂದ ಸುಳ್ಳು — ಎಲ್ಲ. ಕೊನೆಗೆ "ಇದನ್ನ ನೀವು ಅಮ್ಮನಿಗೆ ಹೇಳ್ಬೇಕಿತ್ತು" ಎಂದಳು. ಫೋನು ಇಟ್ಟಳು. ನಾನು ಮತ್ತೆ ಮಾಡಿಲ್ಲ. ಮಾಡಿ ಕೇಳುವುದಾದರೂ ಏನನ್ನು?

ಆ ಏಳು ಮನೆಯವರಿಗೆ ನಿಜ ಹೇಳುವುದೆಂದು ಹೊರಟಿದ್ದೇನೆ. ಮೊದಲು ಶೋಭಕ್ಕನ ಮನೆಗೆ ಹೋದೆ. ಅವರು ಚಹಾ ಕೊಟ್ಟು, ಕೇಳಿ, ನಕ್ಕುಬಿಟ್ಟರು. "ಬಿಡ್ರಿ, ಅದೆಲ್ಲ ಈಗ ಯಾರಿಗೆ ನೆನಪೈತಿ?"

"ಅವರಿಗಿತ್ತು" ಎಂದೆ.

ಶೋಭಕ್ಕ ನಗು ನಿಲ್ಲಿಸಿದರು.

ಮೂರು ಮನೆ ಆಗಿದೆ. ಅಂದು ತುಟಿ ಊದಿದ್ದ ಆ ಹುಡುಗಿಯ ಮನೆಯವರು ಈಗ ಓಕ್‌ವಿಲ್‌ನಲ್ಲಿದ್ದಾರೆ. ಶನಿವಾರ ಬರುತ್ತೇನೆಂದು ತಿಳಿಸಿದ್ದೇನೆ. ಯಾಕೆಂದು ಅವರು ಕೇಳಿದರು, ಬಂದು ಹೇಳುತ್ತೇನೆ ಎಂದೆ.