ಬಾನಿಯಮ್ಮನನ್ನು ಹುಟ್ಟಿಸಿದ ನಿಂಗರಾಜು

ನನ್ನ ತಮ್ಮ ನಿಂಗರಾಜನ ಬಾಯಲ್ಲಿ ಬಾರದ ಮಾತು ಒಂದೇ ಒಂದಿತ್ತು. ‘ಗೊತ್ತಿಲ್ಲ’ ಎನ್ನುವುದು. ಚಿಕ್ಕಂದಿನಿಂದಲೂ ಅಷ್ಟೇ. ಬೂಕನಕೆರೆಯ ನಮ್ಮ ಮನೆ ಮುಂದೆ ಯಾರಾದರೂ ನಿಂತು ದಾರಿ ಕೇಳಿದರೆ, ತಾನು ಕಣ್ಣಿಂದ ಕಂಡಿರದ ಊರಿಗೂ ‘ಅರಳಿಮರ ದಾಟಿ ಎಡಕ್ಕೆ ತಿರುಗಿ’ ಎಂದು ಹೇಳಿ ಕಳಿಸುತ್ತಿದ್ದ. ಆ ಪುಣ್ಯಾತ್ಮರು ಎಲ್ಲಿಗೆ ಹೋಗಿ ಮುಟ್ಟಿದರೋ ದೇವರಿಗೇ ಗೊತ್ತು. ಆಗಲೇ ಯಾರಾದರೂ ತಿರುಗಿ ಬಂದು ಇವನ ಬೆನ್ನಿಗೆ ನಾಲ್ಕು ಬಾರಿಸಿದ್ದರೆ ಚೆನ್ನಾಗಿತ್ತು.

ದೊಡ್ಡವನಾದ ಮೇಲೆ ಕಬ್ಬಿನ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಆಮೇಲೆ ಶ್ರೀರಂಗಪಟ್ಟಣದ ಕೋಟೆ ಬಾಗಿಲಲ್ಲಿ ನಿಂತು ಬಸ್ಸಿನಲ್ಲಿ ಬಂದವರಿಗೆ ಜಾಗ ತೋರಿಸುತ್ತಿದ್ದ. ಈಗ ಬ್ಯಾಟರಿ ಸೈಕಲ್ಲಿನ ಗೈಡು. ಬೆಂಗಳೂರಿನವರ ತಲೆಗೆಲ್ಲ ಹೆಲ್ಮೆಟ್ಟು ಹಾಕಿಸಿ, ಶ್ರೀರಂಗಪಟ್ಟಣದಿಂದ ಹೊರಡಿಸಿ, ಪಾಂಡವಪುರದ ಆಲೆಮನೆಯಲ್ಲಿ ಬಿಸಿ ಬೆಲ್ಲ ನೆಕ್ಕಿಸಿ, ನಾಲೆ ಏರಿ ಮೇಲೆ, ಕಬ್ಬಿನ ಗದ್ದೆಗಳ ನಡುವೆ, ಹೊಸಹೊಳಲಿನ ಗುಡಿಯವರೆಗೆ ಕರೆದೊಯ್ಯುತ್ತಾನೆ. ಅವರ ಹಿಂದೆ ಲಗೇಜ್ ಆಟೊ ಓಡಿಸುವವಳು ನಾನು, ಅವನ ಅಕ್ಕ ಯಶೋಧ. ಚಾರ್ಜಾದ ಬ್ಯಾಟರಿಗಳು, ಪಂಕ್ಚರ್ ಸಾಮಾನು, ಮುದ್ದೆ ಊಟದ ಡಬ್ಬಿಗಳು, ಅರ್ಧ ದಾರಿಗೇ ‘ಮೇಡಂ, ಇನ್ನಾಗಲ್ಲ’ ಎಂದು ಕೂತುಬಿಡುವ ದಪ್ಪ ಗಂಡಸರು, ಎಲ್ಲವೂ ನನ್ನ ಗಾಡಿಯಲ್ಲೇ ಬರಬೇಕು.

ಬೂಕನಕೆರೆ ದಾಟಿದ ಮೇಲೆ ಒಂದು ಸಣ್ಣ ಕಟ್ಟೆ ಇದೆ. ಅದರ ಪಕ್ಕ ಒಂದು ಪಾಳು ಮಂಟಪ. ಕಂಬಗಳು ವಾಲಿವೆ, ಚಾವಣಿಯ ಚಪ್ಪಡಿ ಅರ್ಧ ಬಿದ್ದಿದೆ. ಒಳಗೆ ದೇವರೂ ಇಲ್ಲ, ಗೋಡೆಯ ಮೇಲೆ ಒಂದಕ್ಷರವೂ ಇಲ್ಲ. ಮುಂದುಗಡೆ ಒಂದು ಕಲ್ಲಿನ ಬಾನಿ. ಕಟ್ಟೆಯ ನೀರು ಜಿನುಗಿ ಬಂದು ತುಂಬಿಕೊಳ್ಳುತ್ತದೆ. ಕರಿಯಯ್ಯ ಎನ್ನುವ ಮುದುಕನ ಎಮ್ಮೆಗಳು ಮೂತಿ ಇಟ್ಟು ನೀರು ಕುಡಿಯುತ್ತಿದ್ದದ್ದು ಅದರಲ್ಲೇ. ಊರಿನವರು ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ನಮ್ಮ ಸವಾರರು ನೆರಳಿಗೆಂದು ಅಲ್ಲಿ ನಿಂತರು. ಅವರಲ್ಲೊಬ್ಬರು ಬಾನಿ ತೋರಿಸಿ, “ಇದೇನು ಗೈಡ್?” ಎಂದರು. ದನದ ಬಾನಿ ಎಂದರೆ ಮುಗಿಯುತ್ತಿತ್ತು. ನಿಂಗನ ಬಾಯಿ ಸುಮ್ಮನಿರಬೇಕಲ್ಲ! ಎಡಗಣ್ಣು ಕಿರಿದು ಮಾಡಿ ಶುರುಮಾಡಿದ. ಹಿಂದೆ ಒಬ್ಬ ರಾಣಿ ಇದ್ದಳಂತೆ. ಬೆಲ್ಲ ತಿಂದು ತಿಂದು ಅವಳ ರಕ್ತವೇ ಸಿಹಿಯಾಗಿತ್ತಂತೆ. ಕಾಲಿನ ಹುಣ್ಣು ಮಾಯುತ್ತಿರಲಿಲ್ಲವಂತೆ. ಈ ಬಾನಿಯ ನೀರು ಕುಡಿದು, ಕಾಲಿಗೆ ಹಾಕಿಕೊಂಡ ಮೇಲೆ ಹುಣ್ಣು ಮಾಯವಾಗಿ ಕುಣಿದುಕೊಂಡು ಅರಮನೆಗೆ ಹೋದಳಂತೆ! ಸವಾರರು ಫೋನು ಹಿಡಿದು ವಿಡಿಯೊ ಮಾಡಿಕೊಂಡರು. ಬದುವಿನ ಮೇಲೆ ಹುಲ್ಲು ಕುಯ್ಯುತ್ತಿದ್ದ ಹೆಂಗಸರು ಕುಡುಗೋಲು ನಿಲ್ಲಿಸಿ ಕೇಳಿಸಿಕೊಂಡರು.

ಅವರು ಮುಂದಕ್ಕೆ ಹೋದ ಮೇಲೆ ನಾನು ಅವನ ಕಿವಿ ಹಿಂಡಿದೆ. “ಲೇ, ಎಮ್ಮೆ ಬಾನಿಗೆ ರಾಣಿ ಎಲ್ಲಿಂದ ಬಂದ್ಲಲಾ?”

“ಅಕ್ಕೋ, ಅಷ್ಟು ದೂರ ಸೈಕಲ್ ತುಳ್ಕಂಡು ಬಂದವ್ರೆ. ಗೊತ್ತಿಲ್ಲ ಅನ್ನಕಾಯ್ತದಾ? ಬುಡು, ಯಾರ್ಗೇನು ನಷ್ಟ?”

ಯಾರಿಗೇನು ನಷ್ಟ! ಆ ಮಾತನ್ನು ನಾನಿನ್ನೂ ಮರೆತಿಲ್ಲ.

ಮಳೆ ಶುರುವಾಗುತ್ತಿದ್ದ ಹಾಗೇ ಆ ರಸ್ತೆ ಅಗೆದು ಹಾಕಿದರು. ನಾವು ನಾಗಮಂಗಲದ ಕಡೆಗೆ ಸವಾರಿ ತಿರುಗಿಸಿದೆವು. ಅಲ್ಲಿಯ ಗುಡಿ, ಅಲ್ಲಿಯ ಕೆರೆ ಎಂದು ದಿನ ಕಳೆದವು. ಬೂಕನಕೆರೆಗೆ ಹೋಗಲಾಗಲಿಲ್ಲ. ನಮ್ಮವ್ವ ದೊಡ್ಡತಾಯಮ್ಮ ಅಲ್ಲಿ ಅಣ್ಣ ತಿಮ್ಮೇಶನ ಜೊತೆ ಇದ್ದಾಳೆ. ಸಕ್ಕರೆ ಕಾಯಿಲೆಯವಳು. ಫೋನು ಮಾಡಿದಾಗಲೆಲ್ಲ, “ಮಾತ್ರೆ ನುಂಗಿದ್ಯಾ ಅವ್ವ?” ಎನ್ನುತ್ತಿದ್ದೆ. “ನಂಗೇನಾಗದೆ? ಕಲ್ಲು ಇದ್ದಂಗಿವ್ನಿ” ಎನ್ನುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಅದಲ್ಲ ಎಂದು ನನಗೆ ಹೊಳೆಯಲೇ ಇಲ್ಲ.

ದಸರೆ ಮುಗಿದ ಮೇಲೆ ರಸ್ತೆ ಸರಿಯಾಯಿತು. ಮತ್ತೆ ಆ ದಾರಿಗೆ ಸವಾರರನ್ನು ಕರೆತಂದೆವು. ಕಟ್ಟೆಯ ತಿರುವಿನಲ್ಲಿ ನಿಂಗ ಗಕ್ಕನೆ ಬ್ರೇಕು ಹಿಡಿದ. ಹಿಂದಿನ ಸೈಕಲ್ಲುಗಳು ಒಂದಕ್ಕೊಂದು ಗುದ್ದಿಕೊಂಡವು. ನಾನು ಆಟೊದಿಂದ ತಲೆ ಹೊರಗೆ ಹಾಕಿ ನೋಡಿದೆ. ಅಯ್ಯೋ ಶಿವನೇ!

ಪಾಳು ಮಂಟಪ ಎಲ್ಲಿ ಹೋಯಿತು? ಕಂಬಗಳಿಗೆಲ್ಲ ಸುಣ್ಣ, ಕೆಂಪು ಪಟ್ಟೆ. ಬಾಳೆಕಂದು, ಮಾವಿನ ತೋರಣ. ಆ ಎಮ್ಮೆ ಬಾನಿಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಬೆಳ್ಳಿ ಕಣ್ಣು ಅಂಟಿಸಿ, ಹಸಿರು ಸೀರೆ ಉಡಿಸಿದ್ದಾರೆ! ಪಕ್ಕದಲ್ಲಿ ತೆಂಗಿನಕಾಯಿ ಮಾರುವವರು, ಬಳೆ ಮಾರುವವರು. ಪ್ಲಾಸ್ಟಿಕ್ ಬಾಟ್ಲಿ, ಕ್ಯಾನು, ಕೊಡ ಹಿಡಿದುಕೊಂಡು ಜನ ಸಾಲು ನಿಂತಿದ್ದಾರೆ. ಆ ಸಾಲಿನ ತುದಿಯಲ್ಲಿ, ಮೈತುಂಬ ವಿಭೂತಿ ಬಳಿದುಕೊಂಡು ತೀರ್ಥ ಹಾಕುತ್ತಿರುವವನು ಎಮ್ಮೆ ಕರಿಯಯ್ಯ!

“ಯಾರಜ್ಜ ಇದು?” ಎಂದ ನಿಂಗ.

“ಬಾನಿಯಮ್ಮ ಕಣಪ್ಪ. ನಿಂಗೊತ್ತಿಲ್ವಾ? ರಾಣಿ ಆಗಿದ್ದೋಳು. ಸಕ್ಕರೆ ಕಾಯ್ಲೆಗೆ ಈವಮ್ಮನ್ನ ಬುಟ್ರೆ ಇನ್ನಿಲ್ಲ. ನಮ್ಮ ತಾತನ ಕಾಲ್ದಿಂದ್ಲೂ ಹೇಳ್ತಿದ್ರು.”

ತಾತನ ಕಾಲದಿಂದ! ಗರ ಬಡಿದವನ ಹಾಗೆ ನಿಂಗ ನನ್ನ ಮುಖ ನೋಡಿದ. ನನಗೆ ಒಂದು ಕಡೆ ನಗು, ಒಂದು ಕಡೆ ಭಯ. ಅಷ್ಟರಲ್ಲಿ ಸಾಲಿನಿಂದ ಒಂದು ದನಿ ಕೇಳಿತು.

“ಏನ್ಲಾ ನಿಂಗ, ನೀನೂ ಬಂದ್ಯಾ?”

ನಮ್ಮವ್ವ! ಕೈಯಲ್ಲೊಂದು ಕ್ಯಾನು, ಹಣೆತುಂಬ ಕುಂಕುಮ. ಬಲಗಾಲು ಎಳೆದುಕೊಂಡು ಬಂದಳು. ಪಾದಕ್ಕೆ ಅರಿಶಿನದ ಬಟ್ಟೆ ಸುತ್ತಿತ್ತು.

“ಕಾಲಿಗೇನವ್ವ?” ಎಂದು ನಾನು ಆಟೊದಿಂದ ಹಾರಿದೆ.

“ಮುಳ್ಳು ಚುಚ್ಚಿತ್ತು ಕಣವ್ವ. ವಸಿ ಹುಣ್ಣಾಗದೆ. ದಿನಾ ತೀರ್ಥ ಹಾಕ್ತಾವ್ನಿ, ಮಾಯ್ತದೆ. ಆ ಹಾಳು ಮಾತ್ರೆ ನುಂಗದು ಬುಟ್ಟೆ ಬುಟ್ಟೆ. ಮಳೆಗಾಲ್ದಲ್ಲೇ ಬುಟ್ಟೆ. ನಮ್ ನಿಂಗನೇ ಫೋನಲ್ಲಿ ಹೇಳವ್ನಲ್ಲ, ನಾನೇ ನೋಡಿವ್ನಿ ವಿಡಿಯೊನ!”

ನಿಂಗ ಅಲ್ಲೇ ಮಂಡಿಯೂರಿ ಬಟ್ಟೆ ಬಿಚ್ಚಿದ. ನಾನು ನೋಡಿದೆ. ನೋಡಬಾರದಿತ್ತು. ಕಿರುಬೆರಳು ಕಪ್ಪಾಗಿತ್ತು, ಸುತ್ತ ಊದಿ ಕೀವು ತುಂಬಿತ್ತು. ವಾಸನೆ ಮೂಗಿಗೆ ಬಡಿಯಿತು. ಅವ್ವ ಮಾತ್ರ ನೋವೇ ಇಲ್ಲದವಳಂತೆ ನಿಂತಿದ್ದಳು.

“ಅವ್ವ, ಆಸ್ಪತ್ರೆಗೆ ನಡಿ. ಈಗ್ಲೇ ನಡಿ” ಎಂದ ನಿಂಗ.

“ನಾ ಬರಕಿಲ್ಲ. ಹರಕೆ ಹೊತ್ತಿವ್ನಿ. ಮಧ್ಯದಲ್ಲಿ ಡಾಕ್ಟ್ರು ತಾವ ಹೋದ್ರೆ ಅಮ್ನೋರು ಮುನಿಸ್ಕತಾರೆ.”

“ಅಮ್ನೋರೂ ಇಲ್ಲ, ಗಿಮ್ನೋರೂ ಇಲ್ಲ ಕಣವ್ವ! ಅದು ನಾನು ಕಟ್ಟಿದ ಕತೆ! ರಾಣಿನೂ ಇಲ್ಲ, ಹುಣ್ಣೂ ಇಲ್ಲ. ಇದು ಎಮ್ಮೆ ನೀರು ಕುಡಿಯೋ ಬಾನಿ!”

ಅಲ್ಲಿದ್ದ ಅಷ್ಟೂ ಜನ ಒಮ್ಮೆಲೇ ಅವನತ್ತ ತಿರುಗಿದರು. ಸರಿ, ಸತ್ಯ ಹೊರಗೆ ಬಿತ್ತು, ಇನ್ನು ಇವನಿಗೆ ಒದೆ ಗ್ಯಾರಂಟಿ, ಅವ್ವನಾದರೂ ಉಳಿದಳು ಎಂದುಕೊಂಡೆ. ಸಾಲಿನಲ್ಲಿದ್ದ ಒಬ್ಬ ಹೆಂಗಸು ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ನೀನೇ ಹುಟ್ಟಿಸ್ಕಂಡು ಹೇಳ್ದೆ ಅಂತಿಯಲ್ಲ, ನಿನ್ ಬಾಯಲ್ಲಿ ಅಂಗೆ ಹೇಳ್ಸಿದ್ದು ಯಾರು? ಲೋಕದಲ್ಲಿ ಇಷ್ಟು ಬಾಯಿ ಅವೆ. ನಿನ್ ಬಾಯಿಗೇ ಯಾಕೆ ಬಂತು ಆ ಮಾತು?”

“ಊಂ, ಮತ್ತೆ!” ಎಂದಿತು ಇಡೀ ಸಾಲು.

ನಾನು ದಂಗಾದೆ. ಇಂಥ ಮಾತಿಗೆ ಯಾರು ತಾನೇ ಉತ್ತರ ಕೊಟ್ಟಾರು? ನಿಂಗ ಅವ್ವನ ಕೈ ಹಿಡಿದು ಎಳೆಯಲು ಹೋದ. ಅವ್ವ ಕಂಬ ತಬ್ಬಿಕೊಂಡಳು. ಕರಿಯಯ್ಯ ಕೋಲೆತ್ತಿಕೊಂಡು ಬಂದ. “ದೇವ್ರ ತಾವ ನಿಂತ್ಕಂಡು ಸುಳ್ಳು ಅಂತಿಯೇನ್ಲಾ? ನಡಿ ಆಚ್ಗೆ!” ನಾನೂ ಅತ್ತು ಕರೆದು ಹೇಳಿದೆ. ಯಾರು ಕೇಳುತ್ತಾರೆ?

ಆಗ ನಿಂಗ ಬಾನಿಯ ಮುಂದೆ ದೊಪ್ಪನೆ ಬಿದ್ದ. ತಲೆ ಒದರಿದ. ಹೆಲ್ಮೆಟ್ಟು ಇನ್ನೂ ತಲೆಯ ಮೇಲೇ ಇತ್ತು, ಅದು ಕಲ್ಲಿಗೆ ಟಣ್ ಟಣ್ ಎಂದು ಬಡಿಯಿತು. ಆಮೇಲೆ ಎದ್ದು ನಿಂತು, ಕೈ ನಡುಗಿಸುತ್ತಾ, ಎದೆ ಸೀಳುವ ಹಾಗೆ ಕೂಗಿದ.

“ಮೈಮ್ಯಾಲೆ ಬಂದವ್ರೆ!” ಎಂದು ಹೆಂಗಸರು ಕಿರುಚಿ ಕೈಮುಗಿದರು. ಕರಿಯಯ್ಯನ ಕೋಲು ಕೈಜಾರಿತು. ಅವನು ಓಡಿಹೋಗಿ ಕರ್ಪೂರ ಹಚ್ಚಿಕೊಂಡು ಬಂದ. “ಯಾರವ್ವ ತಾಯಿ ನೀನು?”

“ಬಾನಿಯಮ್ಮ ಕಣ್ಲಾ ನಾನು!”

“ಏನ್ ಅಪ್ಪಣೆ ತಾಯಿ?”

“ಡಾಕ್ಟ್ರು ಕೊಟ್ಟ ಮಾತ್ರೆ ಬುಟ್ಟು ಬಂದೋರ್ಗೆ ನಾ ಒಲಿಯಕಿಲ್ಲ! ಮಾತ್ರೆ ಬಾಯಲ್ಲಿಟ್ಕಂಡು ನನ್ ನೀರು ಕುಡೀರಿ! ಕಾಲಲ್ಲಿ ಹುಣ್ಣಿರೋರು ಈ ಗಳಿಗೇಲೆ ಆಸ್ಪತ್ರೆಗೆ ಓಗಿ! ಹುಣ್ಣಿನ ಕಾಲಲ್ಲಿ ಯಾರೂ ನನ್ನ ಬಾಗ್ಲು ತುಳೀಬ್ಯಾಡಿ!”

ನಮ್ಮ ಸವಾರರು ಕಲ್ಲಾಗಿ ನಿಂತಿದ್ದರು. ಒಬ್ಬ ಫೋನು ಎತ್ತಿದ, ಅವನ ಕೈಗೆ ಫಟ್ಟೆಂದು ಹೊಡೆದೆ. ಇದು ನಾಟಕವೋ ನಿಜವೋ ನನಗೇ ತಿಳಿಯಲಿಲ್ಲ. ನಿಂಗನ ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಮೂಗು ಬಾಯಿ ಎಲ್ಲ ಒದ್ದೆ. ಆದರೆ ಅಷ್ಟು ಯೋಚಿಸಲು ಪುರುಸೊತ್ತೆಲ್ಲಿ? “ಅಪ್ಪಣೆ ಆಯ್ತು, ಏಳವ್ವ!” ಎಂದೆ. ಈಗ ಅದೇ ಜನ, ಅದೇ ಕರಿಯಯ್ಯ, ಅವ್ವನನ್ನು ಹೂವಿನ ಹಾಗೆ ಎತ್ತಿ ತಂದು ನನ್ನ ಆಟೊದಲ್ಲಿ ಕೂರಿಸಿದರು. ಊಟದ ಡಬ್ಬಿಗಳನ್ನು ಸವಾರರ ಕೈಗೆ ಕೊಟ್ಟು, ಅಲ್ಲೇ ಕಾಯಿರಿ ಎಂದು ಹೇಳಿ, ಕೆ.ಆರ್. ಪೇಟೆಯ ಆಸ್ಪತ್ರೆಗೆ ಗಾಡಿ ಬಿಟ್ಟೆ.

ಹಿಂದೆ ಬ್ಯಾಟರಿಗಳ ಮಧ್ಯೆ ಅವ್ವ, ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ನಿಂಗ.

“ಲೇ ನಿಂಗ” ಎಂದಳು ಅವ್ವ. “ಮೈಮ್ಯಾಲೆ ಬಂದಿದ್ದು ಅಮ್ನೋರಲ್ಲ.”

ಅವನು ಅವಳ ಪಾದಕ್ಕೆ ಮತ್ತೆ ಬಟ್ಟೆ ಸುತ್ತತೊಡಗಿದ.

“ನಾನ್ ಹೆತ್ತ ಮಗ ಕಣ್ಲಾ ನೀನು. ಸುಳ್ಳು ಹೇಳೋವಾಗ ಎಡಗಣ್ಣು ಕಿರಿದು ಮಾಡ್ತೀಯ. ಈಗ್ಲೂ ಮಾಡ್ದೆ.”

“ಮತ್ಯಾಕವ್ವ ಗಾಡಿ ಹತ್ತಿದೆ?” ನಾನು ತಿರುಗದೆಯೇ ಕೇಳಿದೆ.

“ಅಮ್ನೋರು ಬಂದ್ರೆ ಕುಣೀತಾರೆ, ಬಯ್ತಾರೆ. ನನ್ ಕಾಲ ನೋಡ್ಕಂಡು ಅಂಗೆ ಗೋಳೋ ಅಂತ ಅಳ್ತಾರೇನವ್ವ? ಅಳ್ತಿದ್ದದ್ದು ನನ್ ಮಗ. ಅವನ ಮಾತ ಹೆಂಗೆ ತೆಗ್ದಾಕ್ಲಿ?”

ನನಗೆ ರಸ್ತೆ ಮಂಜಾಗಿ ಕಂಡಿತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಓಡಿಸಿದೆ.

ಡಾಕ್ಟರು ಕಾಲು ನೋಡಿ ನಮ್ಮನ್ನು ಬಯ್ಯಬಾರದ ಹಾಗೆ ಬಯ್ದರು. ಇನ್ನೊಂದು ವಾರ ಬಿಟ್ಟಿದ್ದರೆ ಮೊಣಕಾಲವರೆಗೆ ಹೋಗುತ್ತಿತ್ತು ಎಂದರು. ಕಿರುಬೆರಳು ಹೋಯಿತು. ಕಾಲು ಉಳಿಯಿತು.

ಬಾನಿಯಮ್ಮ ಈಗಲೂ ಇದ್ದಾಳೆ. ಎಲ್ಲಿ ಹೋದಾಳು? ಸಾಲು ಇನ್ನೂ ಉದ್ದವಾಗಿದೆ. ಕರಿಯಯ್ಯ ಮಾತ್ರ, “ಮಾತ್ರೆ ತೋರ್ಸು” ಎನ್ನದೆ ಯಾರಿಗೂ ತೀರ್ಥ ಹಾಕುವುದಿಲ್ಲ.

ಅವ್ವ ಎದ್ದು ಓಡಾಡುವಂತಾದ ಮೇಲೆ ಮತ್ತೆ ಸವಾರರನ್ನು ಕರೆದುಕೊಂಡು ಆ ದಾರಿಯಲ್ಲಿ ಹೋದೆವು. ಕನ್ನಡಕದ ಹುಡುಗಿಯೊಬ್ಬಳು ಸೈಕಲ್ ನಿಲ್ಲಿಸಿ ಕೇಳಿದಳು. “ಸರ್, ಈ ಮಂಟಪ ಯಾರು ಕಟ್ಟಿಸಿದ್ದು? ಏನಿದರ ಕತೆ?”

ನಾನು ಆಟೊದ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡೆ. ನಿಂಗ ಬಾನಿಯ ಕಡೆ ನೋಡಿದ. ಬಾಯಿ ತೆರೆದ. ಎರಡು ಕಣ್ಣೂ ಅಗಲವಾಗಿಯೇ ಇದ್ದವು.

“ಗೊತ್ತಿಲ್ಲಮ್ಮ” ಎಂದ.